ಸದ್ದಾಗುವಂತೆ ಮುರಿಯಿರಿ

ನಮ್ಮ ಸಮಿತಿಯಲ್ಲಿ ಹಗಿನಾಕ ಫುಸಾಯೆಯವರಿಗೆ ‘ಸದ್ದಿನಮ್ಮ’ ಎಂಬ ಅಡ್ಡಹೆಸರಿತ್ತು. ಇಟ್ಟವನು ನಾನೇ. ದನಿ ಏರಿಸಿದ್ದನ್ನು ಯಾರೂ ಕೇಳದ ಹೆಂಗಸಿಗೆ ಅಂಥ ಹೆಸರಿಟ್ಟರೆ ತಮಾಷೆಯಾಗಿರುತ್ತದೆ ಎಂದು ಆಗ ಅನ್ನಿಸಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಟೋಕಿಯೋದ ಶಿಬಾದಲ್ಲಿ ಮೂರನೇ ಮಹಡಿಯ ಕೋಣೆ. ತಿಂಗಳಿಗೊಮ್ಮೆ ಮಧ್ಯಾಹ್ನ ಎರಡಕ್ಕೆ ಏಳು ಮಂದಿ ಸೇರುತ್ತಿದ್ದೆವು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಒಂದು ಹಳೆಯ ಭಾಷೆಯ ನಿಯಮಗ್ರಂಥವನ್ನು ಕೆಲವು ವರ್ಷಗಳಿಗೊಮ್ಮೆ ತಿದ್ದುತ್ತಾರೆ; ಆ ತಿದ್ದುಪಡಿಗಳಿಗೆ ಜಪಾನ್ ಹೂಂ ಅನ್ನಬೇಕೋ ಬೇಡ ಅನ್ನಬೇಕೋ ಎಂದು ತೀರ್ಮಾನವಾಗುತ್ತಿದ್ದದ್ದು ಅಲ್ಲಿ. ಒಂದೇ ದೇಶ ಬೇಡ ಅಂದರೂ ಉಳಿದವರೆಲ್ಲ ಮತ್ತೆ ಕೂತು ಚರ್ಚಿಸಲೇಬೇಕಿತ್ತು. ಫುಸಾಯೆ ನಮ್ಮ ಕಾರ್ಯದರ್ಶಿ, ನಡಾವಳಿ ಬರೆಯುವವರು. ಕಾರ್ಯದರ್ಶಿಯಾದವರು ಸಭೆಯಲ್ಲಿ ಬಾಯಿ ಬಿಡಬಾರದೆಂಬುದು ಅಲ್ಲಿಯ ರೂಢಿ.

ಆದರೆ ತಿದ್ದುವ ಮುಂಚೆ ನಾವು ಓದಿಕೊಳ್ಳುತ್ತಿದ್ದ ಮಾರ್ಗಸೂತ್ರಗಳ ಹಾಳೆ ಅವರದೇ ಬರಹ. ಜನ ಈಗಾಗಲೇ ಬರೆದಿಟ್ಟ ಪ್ರೋಗ್ರಾಮುಗಳು ಮುಖ್ಯ, ನಮ್ಮ ಜಾಣತನವಲ್ಲ ಎಂಬುದು ಮೊದಲನೆಯದು. ಹಳೆಯದನ್ನು ಮುರಿಯಲೇಬೇಕಾದರೆ ಸದ್ದಾಗುವಂತೆ ಮುರಿಯಿರಿ ಎಂಬುದು ಕೊನೆಯದು. ಹಳೆಯ ಪ್ರೋಗ್ರಾಂ ಹೊಸ ನಿಯಮದಲ್ಲಿ ಓಡದೆ ನಿಂತುಬಿಟ್ಟರೆ ಬರೆದವನು ನಮ್ಮನ್ನು ಬೈದುಕೊಂಡಾದರೂ ಸರಿಮಾಡುತ್ತಾನೆ. ಓಡುತ್ತಲೇ ಇದ್ದು ಉತ್ತರ ಮಾತ್ರ ಬೇರೆ ಕೊಟ್ಟರೆ ಅವನಿಗೆ ಗೊತ್ತೇ ಆಗುವುದಿಲ್ಲ.

ಅವರಿಗೆ ಇದು ಬರೀ ಹಾಳೆಯ ಮಾತಾಗಿರಲಿಲ್ಲ. ಕಾವಾಸಾಕಿಯ ಒಂದು ತಾಂತ್ರಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಆ ಭಾಷೆಯನ್ನು ಕಲಿಸಿದ್ದರು. ಮದುವೆಯಾಗಿರಲಿಲ್ಲ. ಎಂಟುನೂರು ಶಿಷ್ಯರಿದ್ದರು. ನಿಯಮಗ್ರಂಥದಲ್ಲಿ ಬರೆದದ್ದನ್ನು ಕಣ್ಣುಮುಚ್ಚಿ ನಂಬಬಹುದು ಎಂದು ಅಷ್ಟು ಜನಕ್ಕೂ ಹೇಳಿಕೊಟ್ಟಿದ್ದರು.

ಆ ವರ್ಷ ಬಂದ ತಿದ್ದುಪಡಿ ನೋಡಲು ತೀರ ಚಿಕ್ಕದು. ಮೈನಸ್ ಮೂವತ್ತೊಂಬತ್ತನ್ನು ಎರಡರಿಂದ ಭಾಗಿಸಿದರೆ ಹಳೆಯ ನಿಯಮ ಅರ್ಧವನ್ನು ಬಿಟ್ಟು ಮೈನಸ್ ಹತ್ತೊಂಬತ್ತು ಅನ್ನುತ್ತಿತ್ತು. ಹೊಸದು ಒಂದು ಮೆಟ್ಟಿಲು ಕೆಳಗಿಳಿದು ಮೈನಸ್ ಇಪ್ಪತ್ತು ಅನ್ನುತ್ತದೆ. ಗಣಿತದವರಿಗೆ ಹೊಸದೇ ಚೆಂದ. ಯಾವ ಪ್ರೋಗ್ರಾಮೂ ನಿಲ್ಲುವುದಿಲ್ಲ, ಒಂದು ಎಚ್ಚರಿಕೆಯ ಸಾಲೂ ಬರುವುದಿಲ್ಲ.

ಸಭೆಯ ದಿನ ಊಟದ ಹೊತ್ತಿಗೆ ಫುಸಾಯೆ ನನ್ನ ಪಕ್ಕ ಕೂತು, ಅನ್ನದ ಉಂಡೆಯ ಪೊಟ್ಟಣ ಬಿಚ್ಚುವ ಮೊದಲೇ ಮೂರು ಹಾಳೆಗಳ ಆಕ್ಷೇಪಣೆಯನ್ನು ಕೈಗಿಟ್ಟರು. “ನುಕಿನಾ-ಸಾನ್, ನಾನು ಓದೋ ಹಾಗಿಲ್ಲ. ನೀವು ಓದ್ಬಿಡಿ, ಸಾಕು,” ಅಂದರು. ಓದುತ್ತೇನೆ ಅಂದೆ. ಬೆಳಿಗ್ಗೆಯೇ ನನ್ನ ಕಂಪನಿಯ ಮೇಲಧಿಕಾರಿ ಫೋನ್ ಮಾಡಿ, ಸಮಿತಿಯ ಅಧ್ಯಕ್ಷರ ಜೊತೆ ಎಲ್ಲ ಮಾತಾಗಿದೆ, ಸುಮ್ಮನಿರು ಅಂದಿದ್ದನ್ನು ಅವರಿಗೆ ಹೇಳಲಿಲ್ಲ.

ನಮ್ಮಲ್ಲಿ ತೀರ್ಮಾನವಾಗುವುದು ಸಭೆಗೆ ಮುಂಚೆ. ಸಭೆಯಲ್ಲಿ ಎದ್ದು ಮಾತಾಡಿದರೆ ಅಧ್ಯಕ್ಷರ ಮುಖಕ್ಕೆ ಮಸಿ ಬಳಿದಂತೆ. ಅಧ್ಯಕ್ಷರು ಆಕ್ಷೇಪಣೆ ಉಂಟೇ ಎಂದು ಕೇಳಿ, ಮೂರು ಉಸಿರಿನಷ್ಟು ಹೊತ್ತು ಕಾದರು. ಹಾಳೆಗಳು ನನ್ನ ಫೈಲಿನೊಳಗಿದ್ದವು. ನಾನು ಚಹಾದ ಬಟ್ಟಲನ್ನು ನೋಡುತ್ತ ಕೂತೆ. ಫುಸಾಯೆ ನನ್ನತ್ತ ತಿರುಗಿದ್ದು ಗೊತ್ತಾಯಿತು. ಆಮೇಲೆ ಪೆನ್ನಿನ ಸದ್ದು ಕೇಳಿಸಿತು.

ಹೊರಗೆ ಮೆಟ್ಟಿಲ ಬಳಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. “ನೀವು ಮಾತಾಡ್ಲಿಲ್ಲ. ‘ಆಕ್ಷೇಪಣೆ ಇಲ್ಲ’ ಅಂತ ನನ್ನ ಕೈಯಾರೆ ಬರೆದೆ,” ಅಂದರು. ಮುಂದಿನ ತಿಂಗಳು ಅವರ ರಾಜೀನಾಮೆ ಬಂತು. ವರ್ಷ ಮುಗಿಯುವಷ್ಟರಲ್ಲಿ ಹೊಸ ನಿಯಮ ಜಾರಿಗೆ ಬಂತು.

ಹೊಸ ವರ್ಷಕ್ಕೆ ಎಲ್ಲರೂ ಶುಭಾಶಯದ ಕಾರ್ಡು ಕಳಿಸುತ್ತಾರೆ. ಫುಸಾಯೆ ಶಾಲೆಯ ಹಳೆಯ ಹಾಜರಿ ಪುಸ್ತಕ ಹಿಡಿದು ಎಂಟುನೂರು ಕಾರ್ಡು ಬರೆದರು. ಶುಭಾಶಯದ ಕೆಳಗೆ ಒಂದು ಸಾಲು: ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನು ಎಲ್ಲಿ ಭಾಗಿಸಿದ್ದೀರೋ ಅಲ್ಲೆಲ್ಲ ಮತ್ತೊಮ್ಮೆ ನೋಡಿ. ಮುನ್ನೂರಕ್ಕೂ ಹೆಚ್ಚು ಕಾರ್ಡುಗಳು ವಿಳಾಸದಾರರಿಲ್ಲವೆಂದು ಹಿಂದಿರುಗಿದವು. ಆ ವರ್ಷ ಅಷ್ಟೇ ಅಲ್ಲ, ಮರುವರ್ಷವೂ ಬರೆದರು.

ಮೂರನೇ ವರ್ಷ ಹೊಕ್ಕಾಯ್ಡೋದಿಂದ ತೊಕಿತಾ ಎಂಬ ಶಿಷ್ಯನ ಪತ್ರ ಅವರಿಗೆ ಬಂತು. ಮನೆ ಬದಲಿಸಿದ್ದರಿಂದ ಕಾರ್ಡು ಅವನಿಗೆ ತಡವಾಗಿ ಸಿಕ್ಕಿತ್ತು. ಅವನೊಂದು ಮೀನಿನ ಶೀತಲಗೃಹದಲ್ಲಿ ಕೆಲಸಕ್ಕಿದ್ದ. ಎರಡು ಥರ್ಮಾಮೀಟರುಗಳ ಸರಾಸರಿ ಮೈನಸ್ ಇಪ್ಪತ್ತಕ್ಕಿಂತ ಮೇಲೇರಿದರೆ ಗಂಟೆ ಬಾರಿಸಬೇಕೆಂದು ಪ್ರೋಗ್ರಾಂ ಬರೆದಿದ್ದ. ಎಂಟು ತಿಂಗಳ ಕಾಲ ಶೀತಲಗೃಹದೊಳಗೆ ಮೈನಸ್ ಹತ್ತೊಂಬತ್ತೂವರೆ ಇತ್ತು, ಪರದೆ ಮೈನಸ್ ಇಪ್ಪತ್ತೆಂದೇ ತೋರಿಸಿತು, ಗಂಟೆ ಮೊಳಗಲಿಲ್ಲ. ತಪಾಸಣೆಯವರು ತಮ್ಮದೇ ಥರ್ಮಾಮೀಟರು ತಂದು ನೋಡಿ, ಇದ್ದ ಮೀನನ್ನೆಲ್ಲ ಹೂಳಿಸಿದರು. ಐವತ್ತೊಂದನೇ ವಯಸ್ಸಿಗೆ ಅವನ ಕೆಲಸ ಹೋಯಿತು. ‘ಟೀಚರ್, ಎಲ್ಲಿ ತಪ್ಪಿದೆನೋ ಗೊತ್ತಾಗಲಿಲ್ಲ, ತಪ್ಪು ನನ್ನದೇ ಅಂತ ಸಹಿ ಹಾಕಿಕೊಟ್ಟೆ’ ಎಂದು ಬರೆದಿದ್ದ.

ಆ ಪತ್ರದ ಒಂದು ಪ್ರತಿಯನ್ನು ಫುಸಾಯೆ ನನಗೆ ಕಳಿಸಿದರು, ಒಂದಕ್ಷರವನ್ನೂ ಸೇರಿಸದೆ. ಮೂರು ದಿನ ಅದನ್ನು ಮತ್ತೆ ಮತ್ತೆ ಓದಿದೆ. ನಾಲ್ಕನೇ ದಿನ ಕಂಪನಿಯನ್ನೂ ಮೇಲಧಿಕಾರಿಯನ್ನೂ ಬದಿಗಿಟ್ಟು, ಹಳೆಯ ನಿಯಮವನ್ನು ವಾಪಸು ತರುವ ಪ್ರಸ್ತಾವ ಬರೆದು ಕಾವಾಸಾಕಿಯ ಅವರ ಮನೆಗೆ ಓಡಿದೆ. ಈ ಸಲ ನಾನೇ ನಿಂತು ಓದುತ್ತೇನೆ, ಯಾರ ಮುಖ ಕೆಟ್ಟರೂ ಕೆಡಲಿ ಅಂದೆ.

ಫುಸಾಯೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಚೆನ್ನಾಗಿ ಬರೆದಿದ್ದೀರಿ ಅಂದರು. ನನಗೆ ಜೀವ ಬಂದಂತಾಯಿತು.

“ಆದ್ರೆ ಮೂರು ವರ್ಷ ಆಯ್ತಲ್ಲ,” ಅಂದರು. “ಈ ಮೂರು ವರ್ಷದಲ್ಲಿ ಹೊಸ ನಿಯಮ ನಂಬ್ಕೊಂಡು ಎಷ್ಟು ಜನ ಬರೆದಿರ್ತಾರೆ. ಅವರದನ್ನ ಸದ್ದಿಲ್ದೆ ಮುರಿಯೋಕೆ ನಮಗೇನು ಹಕ್ಕು?”

ತೊಕಿತಾನ ಗತಿಯೇನು ಎಂದು ಕೇಳಿದೆ. ಅವನಿಗೆ ಬರೆಯಬೇಕು, ಇನ್ನೂ ಏನೆಂದು ತೋಚಿಲ್ಲ ಅಂದರು. ಆಮೇಲೆ ಪ್ರಸ್ತಾವವನ್ನು ಎರಡಾಗಿ ಮಡಚಿ, ಎರಡೂ ಕೈಗಳಿಂದ ನನಗೇ ಹಿಂದಿರುಗಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ತೆಗೆದುಕೊಂಡು ಬಂದೆ.