ಚೋಕ್ ಸುಟ್ಟ ಚೆಂಡುಹೂವು

ಲಾವಣ್ಯಾ, ಆ ಫೋನು ಇನ್ನೊಂದಿಷ್ಟು ಹತ್ತಿರ ಹಿಡಿಯವ್ವ, ನನ್ನ ದನಿ ಅದರೊಳಗೆ ಹೋಗಲಿ. ನನ್ನ ಮಗ, ನಿನ್ನ ಸೋದರಮಾವ ಪುಂಡಲೀಕನ ಕಥೆ ಹೇಳು ಅಂದೆಯಲ್ಲ? ಅವನನ್ನೇ ಕೇಳಿದರೆ ‘ನೌಕರಿ ಮಾಡಿದೆ, ರಿಟೈರ್ ಆದೆ’ ಅಂತ ಮುಗಿಸಿಬಿಡುತ್ತಾನೆ.

ನೌಕಾಪಡೆಯಲ್ಲಿ ಅವನದು ಸಬ್‌ಮರೀನಿನ ಎಲೆಕ್ಟ್ರಿಕಲ್ ಕೆಲಸ. ನೀರಿನ ತಳದಲ್ಲಿ ಸೂರ್ಯನ ಮುಖ ಕಾಣದೆ ಕಾಲ ಕಳೆದವನು, ಮನೆಗೆ ಬಂದರೆ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿರುತ್ತಿದ್ದ. ಈಗ ಈ ಕಡಲತೀರದ ಊರಲ್ಲಿ, ನಮ್ಮ ಎಂವಿಪಿ ಕಾಲೋನಿಯ ಮನೆಯಲ್ಲಿ ಕೂತು ಏನು ಮಾಡುತ್ತಾನೆ? ಬಿಸಿಲಿನ ಮಂಚ ರಿಪೇರಿ! ಮೈ ಕಪ್ಪಾಗಲಿ ಅಂತ ಮಲಗುವ ಮಂಚ. ಮೇಲೊಂದು ಮುಚ್ಚಳ, ಒಳಗೆಲ್ಲ ನೀಲಿ ಟ್ಯೂಬು, ಟ್ಯೂಬಿಗೆ ಕರೆಂಟು ಹದಮಾಡಿ ಕೊಡಲು ಚೋಕ್. ನಮ್ಮ ಅಡುಗೆಮನೆಯ ಹಳೇ ಟ್ಯೂಬ್‌ಲೈಟಿನಲ್ಲಿ ಗುಂಯ್ ಅನ್ನುತ್ತದಲ್ಲ, ಅದರ ದೊಡ್ಡಣ್ಣ. ಚೋಕ್ ಕಾದು ಸುಟ್ಟರೆ ಮಂಚ ಬರೀ ಮಂಚ.

ಇಂಥ ಮಂಚ ಇಟ್ಟವನು ವಿಜಯವಾಡದ ಜಿಮ್ಮಿನ ಸಾಯಿಕಿರಣ್. ಆ ಊರಲ್ಲಿ ಹಪ್ಪಳ ಹರವಿ ತಿರುಗುವಷ್ಟರಲ್ಲಿ ಒಣಗಿರುತ್ತದೆ, ಇವನು ಎ.ಸಿ. ಹಾಕಿಕೊಂಡು ಟ್ಯೂಬಿನ ಬಿಸಿಲು ಕಾಯಿಸಿಕೊಳ್ಳುತ್ತಾನೆ. ಮೈಕಟ್ಟಿನ ಸ್ಪರ್ಧೆಯಂತೆ, ಬಣ್ಣ ಗಾಢವಿದ್ದರೇ ಸ್ನಾಯು ಎದ್ದು ಕಾಣುವುದಂತೆ. ಅವನ ತಾಯಿ ರಾಜ್ಯಶ್ರೀ, ಪಾಪ, ಕಡಲೆಹಿಟ್ಟು ಕೆನೆ ಹಚ್ಚಿ ಹಚ್ಚಿ ಬೆಳ್ಳಗೆ ಬೆಳೆಸಿದ ಮಗ!

ದಸರೆಗೆ ಮುಂಚೆ ಪುಂಡಲೀಕ ಹೋಗಿ ಹೊಸ ಚೋಕ್ ಹಾಕಿ ಬಂದಿದ್ದ. ಹಬ್ಬ ಮುಗಿಯಿತೋ ಇಲ್ಲವೋ, ಸಾಯಿಕಿರಣನ ಫೋನು.

“ಏಮಂಡಿ ಪುಂಡಲೀಕಗಾರೂ, ಇದೇನಾ ನಿಮ್ಮ ಕೆಲಸ? ಅರ್ಧ ಮಂಚ ಕತ್ತಲು! ಸ್ಟೇಜ್ ಮೇಲೆ ನಾನು ಇಡ್ಲಿ ಥರ ನಿಲ್ಲಬೇಕಾ?”

ಪುಂಡಲೀಕನ ಮುಖ ಸಣ್ಣದಾಯಿತು. ಅವನಿಗೆ ಇರುವ ಆಸ್ತಿಯೆಂದರೆ ‘ಅವನು ಮುಟ್ಟಿದ್ದು ಕೆಡುವುದಿಲ್ಲ’ ಅನ್ನುವ ಹೆಸರು. ಚೀಲ ಎತ್ತಿಕೊಂಡ. ಹೆಂಡತಿ ಮಂಗಳಾಗೌರಿ ಬಿಡುತ್ತಾಳೆಯೇ?

“ಜಗತ್ತೆಲ್ಲಾ ಬೆಳ್ಳಗಾಗೂ ಕ್ರೀಮ್ ಹಚ್ಕೊಳ್ಳಾಕತ್ತೈತಿ. ನೀವು ಕರ್ರಗ ಮಾಡೂ ಮಂಚಕ್ಕ ಔಷಧ ಕೊಡಾಕ ಹೊಂಟೀರಿ!”

“ಟ್ರೇನಿಗೆ ಹೊತ್ತಾತು, ಬಂದ್ಮ್ಯಾಲೆ ಬೈಯಿ.”

ಅಲ್ಲಿ ಮಂಚ ಬಿಚ್ಚಿದರೆ, ಒಳಗಿನ ಫ್ಯಾನಿಗೆ ಚೆಂಡುಹೂವಿನ ಎಸಳು ಸುತ್ತಿ ನಿಂತಿದೆ! ಗಾಳಿಯಿಲ್ಲದೆ ಚೋಕ್ ಬೆಂದಿದೆ. ಆಯುಧಪೂಜೆಗೆ ಹಾರ ಹಾಕಿದ್ದಾರೆ, ಗಾಳಿ ಕಿಂಡಿಯ ಮೇಲೆಯೇ. ಆಗಲೇ ರಾಜ್ಯಶ್ರೀ ಕಾಫಿ ತಂದಳು.

“ಇಂದ್ರಕೀಲಾದ್ರಿ ಬೆಟ್ಟ ಹತ್ತಿ ದುರ್ಗಮ್ಮವಾರಿ ಪ್ರಸಾದದ ಹಾರ ನಾನೇ ತಂದು ಹಾಕಿದ್ದೆ ಬಾಬು. ಇಲ್ಲದಿದ್ದರೆ ಇನ್ನೂ ಏನೇನು ಸುಡುತ್ತಿತ್ತೋ!”

“ಹೌದಮ್ಮಾ, ತಾಯಿನೇ ಕಾಪಾಡಿದಳು,” ಅಂದನಂತೆ ನಮ್ಮ ಮಹಾರಾಯ! ಅವಳ ಮಗನಿಗೆ ಮಾತ್ರ, “ನಾ ಹಾಕಿದ ಚೋಕ್ ಸರಿ ಇರಲಿಲ್ಲ” ಅಂತ ಹೇಳಿ, ಬೇರೆ ಹಾಕಿ ಬಂದ. ಸಾಯಿಕಿರಣನ ಬಾಯಿ ಸುಮ್ಮನಿರುತ್ತದೆಯೇ? ಸುದ್ದಿ ಇಲ್ಲಿಯವರೆಗೂ ಮುಟ್ಟಿ, ಇಲ್ಲೇ ಮಧುರವಾಡದ ಚರ್ಮದ ಡಾಕ್ಟರೂ ರೋಗಿಗಳಿಗೆ ಬೆಳಕಿನ ಚಿಕಿತ್ಸೆ ಕೊಡುವ ತಮ್ಮ ಲೈಟಿನ ಪೆಟ್ಟಿಗೆಗೆ ಬೇರೆ ಮೆಕ್ಯಾನಿಕ್ ಹುಡುಕುತ್ತಿದ್ದಾರಂತೆ.

ನನಗೆ ಹೇಗೆ ತಿಳಿಯಿತು ಅಂದೆಯಾ? ನಮ್ಮ ತುಳಸಿಯ ಬುಡದಲ್ಲಿ ಕರಕಲು ಎಸಳು ಕಂಡವು, ಅವನನ್ನೇ ಕೇಳಿದೆ.

“ಇವೇನೋ?”

“ಪ್ರಸಾದದ ಹೂವವ್ವ. ಕಸಕ್ಕ ಹಾಕಬಾರದು.”

“ಅಕಿಗೆ ಖರೇ ಹೇಳಬಾರ್ದಿತ್ತೇನು?”

“ಮಗ ಸ್ಟೇಜ್ ಏರೂ ಹೊತ್ತಿನ್ಯಾಗ, ನಿಮ್ಮ ಪೂಜಾದಿಂದನ ಮಷೀನ್ ಸುಟ್ಟೈತಿ ಅಂತ ಹೆಂಗ ಹೇಳ್ಲಿ? ಆ ತಾಯಿ ಅನ್ನಾನ ಬಿಡತಾಳ.”

ಇವತ್ತು ಬೆಳಿಗ್ಗೆ ರಾಜ್ಯಶ್ರೀ ನನಗೇ ಫೋನ್ ಮಾಡಿದ್ದಳು. ಭಾನುವಾರ ಸ್ಪರ್ಧೆಯಂತೆ. ಹಾರ ಚಿಕ್ಕದಾಗಿದ್ದಕ್ಕೇ ಚೋಕ್ ಸುಟ್ಟಿತಂತೆ, ಈ ಶುಕ್ರವಾರ ಎರಡರಷ್ಟು ದಪ್ಪದ್ದು ಹಾಕುತ್ತಾಳಂತೆ! ಈ ಸಲವೂ ಸುಟ್ಟರೆ ನನ್ನ ಮಗನನ್ನು ಟಾರ್ಚು ರಿಪೇರಿಗೂ ಯಾರೂ ಕರೆಯುವುದಿಲ್ಲ.

ನೀನು ಹೇಗೂ ನಾಳೆ ವಿಜಯವಾಡದ ಬ್ಯಾಂಕಿಗೆ ಡ್ಯೂಟಿಗೆ ಹೋಗುವವಳು. ದೇವರ ಕೋಣೆಯಲ್ಲಿ ಚೌಕಟ್ಟಿನ ದುರ್ಗೆಯ ಪಟ ಇದೆ, ಸೀರೆಯಲ್ಲಿ ಸುತ್ತಿಕೊಂಡು ಹೋಗು. ಮಂಚದಿಂದ ದೂರ, ಎದುರು ಗೋಡೆಗೆ ನೇತುಹಾಕಿಸು. ‘ಹಾರ ಪಟಕ್ಕೆ, ಮಷೀನಿಗೆ ಕುಂಕುಮದ ಬೊಟ್ಟು ಮಾತ್ರ, ನಮ್ಮ ಕನ್ನಡದವರ ಪದ್ಧತಿ’ ಅಂತ ರಾಜ್ಯಶ್ರೀಗೆ ಹೇಳು. ಮಾವನ ಹೆಸರೆತ್ತಬೇಡ. ಒಂದು ಮೊಳೆಯನ್ನೂ ಒಯ್ಯಿ ಮಗಳೇ, ಜಿಮ್ಮಿನ ತುಂಬ ಕಬ್ಬಿಣ ಇದ್ದರೂ ಮೊಳೆ ಇರುವುದಿಲ್ಲ.