ಯಾರೂ ಮಲಗದ ಹಾಸಿಗೆ

ಬೆಳಿಗ್ಗೆ ಎದ್ದ ಕೂಡಲೇ ಕೋಟು ಮಾಸ್ತರರು ಮಾಡುತ್ತಿದ್ದ ಮೊದಲ ಕೆಲಸ, ಯಾರೂ ಮಲಗದ ಹಾಸಿಗೆಯೊಂದನ್ನು ಕೆದರುವುದು. ಮುಂದಿನ ಕೋಣೆಯ ಮಂಚದ ಹೊದಿಕೆಯನ್ನು ಮುದ್ದೆ ಮಾಡಿ, ದಿಂಬಿಗೊಂದು ಗುದ್ದು ಕೊಟ್ಟು, ದೂರ ನಿಂತು ನೋಡುತ್ತಿದ್ದರು. ಸಾಲದೆನಿಸಿದರೆ ಇನ್ನೊಂದು ಗುದ್ದು.

ಅವರು ಜೀವಮಾನವಿಡೀ ಕೋಟು ಹೊಲಿದವರು. ಡ್ರೈವರಣ್ಣ ಬಸ್ಸು ಓಡಿಸಿ ನಿವೃತ್ತನಾದವನು. ಇಬ್ಬರೂ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಸೂರಿನಡಿ ಸಂಸಾರ ಮಾಡಿದ್ದರು. ಕಟ್ಟಡದವರ ಲೆಕ್ಕದಲ್ಲಿ ಅವರು ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಹಾಗೆಂದು ಮಾಸ್ತರರೇ ಹೇಳಿದ್ದರು. ಪ್ರಾಯದಲ್ಲಿ ಒಮ್ಮೆ ಜೊತೆಯಲ್ಲಿ ಹೊಲಿಯುತ್ತಿದ್ದವನೊಬ್ಬನನ್ನು ನಂಬಿ ನಿಜ ಹೇಳಿದ್ದರು. ವಾರ ಕಳೆಯುವುದರೊಳಗೆ ಕೆಲಸವೂ ಹೋಯಿತು, ಬಾಡಿಗೆ ಮನೆಯೂ ಹೋಯಿತು. ಅಂದಿನಿಂದ, ಪಕ್ಕದ ಮನೆಯವರು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡರೂ ಯಾಕಿರಬಹುದೆಂದು ಯೋಚಿಸುವ ಮನುಷ್ಯರಾದರು.

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೋ ಹೆಗಲು ಮುಟ್ಟಿ ನೋಡ್ಕೋತೀಯಾ?" ಎಂದು ಡ್ರೈವರಣ್ಣ ರೇಗಿಸುತ್ತಿದ್ದ.

ಆ ಡ್ರೈವರಣ್ಣನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಲ್ಲಿ "ನೀವಿವರಿಗೆ ಏನಾಗ್ಬೇಕು?" ಎಂದು ಕೇಳಿದಾಗ ಮಾಸ್ತರರು "ತಮ್ಮ" ಎಂದರು. "ಒಡಹುಟ್ಟಿದವರಾ?" ಎಂದಾಗ ತಡವರಿಸಿದರು. ಒಳಗೆ ಬಿಡಲಿಲ್ಲ. ಡ್ರೈವರಣ್ಣನ ಅಕ್ಕನ ಮಗ ದೂರದಿಂದ ಬಂದು ಮುಟ್ಟುವವರೆಗೂ ಬಾಗಿಲಾಚೆಯ ಬೆಂಚಿನಲ್ಲಿ ಕೂತೇ ಇದ್ದರು.

ಮನೆಗೆ ಕರೆತಂದ ಮೇಲೆ ಆರೈಕೆಗೆ ನರ್ಸಮ್ಮ ಬರತೊಡಗಿದಳು. ಗೊತ್ತುಮಾಡಿ ಹೋದವನು ಆ ಅಕ್ಕನ ಮಗನೇ. ಮಾಸ್ತರರಿಗೆ ಅಲ್ಲೇ ಅನುಮಾನ ಹುಟ್ಟಿತು: ಇವಳು ಆರೈಕೆಗೆ ಬಂದವಳೋ, ಕಣ್ಣಿಡಲು ಬಂದವಳೋ?

ಅದಕ್ಕೆ ಸರಿಯಾಗಿ ಲಕ್ವ ಡ್ರೈವರಣ್ಣನ ನಾಲಿಗೆಯ ಕಡಿವಾಣವನ್ನೂ ಕಿತ್ತುಹಾಕಿತ್ತು. ನರ್ಸಮ್ಮ ಬೆನ್ನೊರೆಸುತ್ತಿರುವಾಗಲೇ ಒಂದು ದಿನ, "ಚಿನ್ನಾ, ಬಾ, ಪಕ್ಕ ಮಲ್ಕೋ" ಎಂದು ತೊದಲಿಬಿಟ್ಟ.

"ಯಾರನ್ನ ಕರೀತಿದಾರೆ?" ಎಂದಳು ನರ್ಸಮ್ಮ.

"ಬೆಕ್ಕನ್ನ," ಎಂದರು ಮಾಸ್ತರರು.

"ಬೆಕ್ಕೆಲ್ಲಿದೆ?"

"ಸತ್ತುಹೋಯ್ತು."

ಅವಳು ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಮಾಸ್ತರರನ್ನು ಹೆಚ್ಚು ಹೆದರಿಸಿತು. ಮುಂದಿನ ಕೋಣೆ ದಾಟುವಾಗ ಅವಳ ಕಣ್ಣು ಮಂಚದ ಮೇಲೆ ಹೊರಳುವುದನ್ನು ಅವರು ಗಮನಿಸಿದರು. ಒಂದು ಮಧ್ಯಾಹ್ನ ಅವಳು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದದ್ದು ಬಾಗಿಲ ಸಂದಿಯಿಂದ ಕಿವಿಗೆ ಬಿತ್ತು: "ಹ್ಞೂಂ, ಇಬ್ಬರೂ ಗಂಡಸರೇ... ಬೇರೆ ಯಾರೂ ಇಲ್ಲ... ಆ ಯಜಮಾನರು ಬಾಯಿ ಬಿಡಲ್ಲ, ನಾನೇ ನೋಡಿ ತಿಳ್ಕೊಂಡೆ."

ಮರುದಿನ ನರ್ಸಮ್ಮ ಬೆಲ್ಲು ಬಾರಿಸಿದರೆ ಮಾಸ್ತರರು ಬಾಗಿಲು ತೆರೆಯಲಿಲ್ಲ. "ಊರಿಗೆ ಹೋಗ್ತಿದೀವಿ, ಇನ್ಮೇಲೆ ಬರ್ಬೇಡಮ್ಮ" ಎಂದು ಒಳಗಿನಿಂದಲೇ ಕೂಗಿದರು.

"ಎತ್ತಿ ಕೂರ್ಸೋಕೇ ಇಬ್ಬರು ಬೇಕು. ಊರಿಗೆ ಹೇಗ್ ಹೋಗ್ತೀರಿ ಮಾಸ್ಟ್ರೇ?"

ಮಾಸ್ತರರು ಮೇಲಿನ ಚಿಲಕವನ್ನೂ ಹಾಕಿಕೊಂಡರು.

ಕತ್ತರಿ, ಇಸ್ತ್ರಿಪೆಟ್ಟಿಗೆಗೆ ಪಳಗಿದ ಕೈಗಳು ತಮಗಿಂತ ದಪ್ಪ ಮನುಷ್ಯನನ್ನು ಮಗ್ಗುಲು ಬದಲಿಸಲು ಪಾಡುಪಟ್ಟವು. ಡ್ರೈವರಣ್ಣನ ಬೆನ್ನಿನ ಕೆಳಗೆ ಹುಣ್ಣಾಯಿತು. ಒಂದು ಬೆಳಿಗ್ಗೆ ಎತ್ತಲು ಹೋಗಿ ಇಬ್ಬರೂ ನೆಲಕ್ಕೆ ಜಾರಿದರು. "ಬ್ರೇಕ್ ಫೇಲು" ಎಂದು ಡ್ರೈವರಣ್ಣ ಸೊಟ್ಟ ಬಾಯಲ್ಲಿ ನಕ್ಕ. ಮಾಸ್ತರರಿಗೆ ಅಳು ಬಂತು. ಯಾರನ್ನಾದರೂ ಕರೆಯಲೇಬೇಕಿತ್ತು. ಆದರೆ ಆಗಲೂ ಅವರು ಮೊದಲು ಮುಂದಿನ ಕೋಣೆಗೆ ಓಡಿ ಹಾಸಿಗೆ ಕೆದರಿದರು. ಆಮೇಲೆ ಫೋನ್ ಮಾಡಿದರು.

ನರ್ಸಮ್ಮ ಇನ್ನೊಬ್ಬ ಸಹಾಯಕನೊಡನೆ ಬಂದಳು. ಇಬ್ಬರೂ ಸೇರಿ ಎತ್ತಿ ಮಲಗಿಸಿದರು. ಸಹಾಯಕ ಕೆಳಗಿಳಿದು ಹೋದ ಮೇಲೆ ಅವಳು ಹುಣ್ಣು ತೊಳೆಯಲು ಕೂತಳು.

"ಅವತ್ತು ಮೆಟ್ಟಿಲ ಮೇಲೆ ಯಾರಿಗೆ ಹೇಳ್ತಿದ್ದೆ?" ಎಂದರು ಮಾಸ್ತರರು.

"ನಮ್ಮ ಆಫೀಸಿಗೆ. ಎತ್ತೋಕೆ ಇನ್ನೊಬ್ಬರನ್ನ ಕಳ್ಸಿ ಅಂತ. ನಿಮಗೂ ಸೊಂಟ ನೋವಿದೆ, ಹೇಳ್ಕೊಳಲ್ಲ ನೀವು." ಹತ್ತಿಯನ್ನು ಕೆಳಗಿಟ್ಟಳು. "ನೀವಿಬ್ಬರು ಏನು ಅಂತ ನಂಗೊತ್ತು ಮಾಸ್ಟ್ರೇ. ಸರಿಯೋ ತಪ್ಪೋ, ನಂಗೆ ಅದೆಲ್ಲ ತಿಳಿಯಲ್ಲ. ನಮ್ಮನೇಲಿ ಕೇಳಿದ್ರೆ ಒಪ್ಪಲ್ಲ. ಆದ್ರೆ ಈ ಹುಣ್ಣು ಯಾಕಾಯ್ತು ಅಂತ ತಿಳಿಯತ್ತೆ. ನೀವು ಬಾಗಿಲು ಹಾಕ್ಕೊಂಡಿದ್ದಕ್ಕೆ ಆಯ್ತು."

ಮಾಸ್ತರರು ಹೊಸ ಹತ್ತಿ ಹರಿದು ಅವಳ ಕೈಗೆ ಕೊಟ್ಟರು.

ಎರಡು ದಿನ ಯೋಚಿಸಿ, ಅಕ್ಕನ ಮಗನಿಗೆ ತಾವೇ ಫೋನ್ ಮಾಡಿದರು. "ನಿನ್ನ ಮಾವನೂ ನಾನೂ ಬರೀ ಸ್ನೇಹಿತರಲ್ಲಪ್ಪ. ಗಂಡ ಹೆಂಡತಿ ಇರ್ತಾರಲ್ಲ, ಹಾಗಿದ್ದವರು."

ಆ ಕಡೆ ಅವನು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಹಾಗಾದ್ರೆ ಅಂಕಲ್, ಇನ್ಮೇಲೆ ಏನೇ ಇದ್ರೂ ನಿಮ್ಮನ್ನೇ ಕೇಳಿ ಅಂತ ಡಾಕ್ಟರಿಗೆ ಹೇಳ್ಲಾ?" ಎಂದ.

ಅದು ಒಪ್ಪಿಗೆಯೋ, ಹೊಣೆ ಜಾರಿಸಿಕೊಂಡ ನಿರಾಳವೋ ಮಾಸ್ತರರಿಗೆ ತಿಳಿಯಲಿಲ್ಲ. "ಹೇಳು," ಎಂದರು.

ಹುಣ್ಣು ನಿಧಾನಕ್ಕೆ ಮಾಯಿತು. ಮನೆಯ ಬೀಗದ ಕೈಯೊಂದು ನರ್ಸಮ್ಮನ ಚೀಲ ಸೇರಿತು. ಆದರೂ ಸಂಜೆ ಅವಳು ಹೊರಟ ಮೇಲೆ ಮಾಸ್ತರರು ಕಿಟಕಿಗೆ ಬಂದು ಕೆಳಗೆ ಬಗ್ಗಿ ನೋಡುವುದನ್ನು ಬಿಡಲಿಲ್ಲ.

"ಏನ್ ನೋಡ್ತೀಯೋ?" ಎಂದು ಡ್ರೈವರಣ್ಣ ಒಳಗಿನಿಂದ ತೊದಲಿದ.

"ಕೆಳಗಡೆ ಮನೆಯವಳ ಹತ್ರ ನಿಂತ್ಕೊಂಡು ನಗ್ತಿದಾಳೆ ಕಣೋ."

"ನಗ್ಲಿ ಬಿಡು."