ಹಸಿ ಕಾಯೂದಿಲ್ಲ

ಐರೋಲಿಯ ನಮ್ಮ ವಸತಿ ಸೊಸೈಟಿಯ ವಾಚ್‌ಮನ್ ವಿಜಯಪುರದ ಕಡೆಯವನು. ಗೇಟಿನ ಹೂಕುಂಡಗಳಿಗೆ ನೀರು ಹಾಕುವ ಮೊದಲು ಬೆರಳು ಊರಿ ಮಣ್ಣಿನ ಹಸಿ ನೋಡುತ್ತಿದ್ದ. ಊರಲ್ಲಿ ಅವನದು ಮಳೆಯನ್ನೇ ನಂಬಿದ ಗೋಧಿ ಹೊಲ. ಹಿಂಗಾರಿ ಬಿತ್ತನೆ ಬಂತೆಂದರೆ ಹೆಂಡತಿಗೆ ಫೋನಿನಲ್ಲಿ ಅದೇ ಮಾತು: “ಗೊಬ್ಬರ ಮ್ಯಾಲ ಉಗ್ಗಬ್ಯಾಡ, ಬೀಜದ ಕೆಳಗ ಬೀಳಲಿ. ಲಗೂ ಬಿತ್ತು, ಹಸಿ ಕಾಯೂದಿಲ್ಲ.”

ಕಳೆದ ವರ್ಷ ಬಿತ್ತನೆಯ ಹೊತ್ತಿಗೇ ಎದೆನೋವೆಂದು ಪಕ್ಕದ ಥಾಣೆ ನಗರದ ಆಸ್ಪತ್ರೆ ಸೇರಿದ. ಊರಿಂದ ಹೊರಟು ನಿಂತಿದ್ದ ಹೆಂಡತಿಯನ್ನು ನನ್ನ ಫೋನಿನಿಂದಲೇ ತಡೆದ: “ಬಿತ್ತಿ ಬಾ.”

ಅವಳು ಬಂದಾಗ ಅವನ ಮಾತು ನಿಂತುಹೋಗಿತ್ತು.

“ಬಿತ್ತೇ ಬಂದೀನ್ರಿ. ಗೊಬ್ಬರ ಬೀಜದ ಕೆಳಗ ಹಾಕೀನಿ,” ಎಂದು ಕಿವಿಯ ಬಳಿ ಬಾಗಿ ಹೇಳಿದಳು.

ಅವನು ಅವಳ ಕೈ ಹಿಡಿದು, ಉಗುರಿನ ಸಂದಿಯಲ್ಲಿ ಉಳಿದಿದ್ದ ಕರಿಮಣ್ಣನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಅದು ಆಗಲೇ ಒಣಗಿತ್ತು.